ಹರಿದ ರೊಟ್ಟಿ

ಸಿಂಧನೂರು

ಅವ್ವನಿಗೆ,

ಇವತ್ತು ಬೆಳಿಗ್ಗೆ ರೊಟ್ಟಿ ಬಡಿದು ತಿನ್ನಲು ಕೂತೆ. ನೋಡಿದರೆ ತಟ್ಟೆಯಲ್ಲಿ ಹರಿದು ಸೀದ ರೊಟ್ಟಿಯಿತ್ತು. ಚೆನ್ನಾಗಿ ಉಬ್ಬಿದವನ್ನು ಬುಟ್ಟಿಯಲ್ಲಿ ಮುಚ್ಚಿಟ್ಟಿದ್ದೆ. ಈ ಕೋಣೆಯಲ್ಲಿ ಇರುವವಳು ನಾನೊಬ್ಬಳೇ. ಯಾರಿಗೆಂದು ಇಟ್ಟೆನೋ ತಿಳಿಯದೆ ಸಿಟ್ಟು ಬಂತು, ನಿನ್ನ ಮೇಲೂ ಬಂತು. ಫೋನಿನಲ್ಲಾದರೆ ಎಲ್ಲದಕ್ಕೂ ಹೂಂ ಅಂದುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಯಾವಾಗಲೂ ಹರಿದದ್ದನ್ನೇ ತಿಂದೆ. ಕೇಳಿದರೆ, "ನಮಗ್ಯಾಕ ಬೇ ಚೊಲೋದು, ಬಂದೋರಿಗಿರ್ಲಿ" ಅನ್ನುತ್ತಿದ್ದೆ. ನನ್ನನ್ನು ನೋಡಲು ಲಿಂಗಸುಗೂರಿನವರು ಬಂದಾಗಲೂ, ಅವರು ಬಾಯಿ ತೆರೆಯುವ ಮೊದಲೇ ನೀನು, "ಹುಡುಗಿ ಬಣ್ಣ ಕಮ್ಮಿರೀ, ನೀವ ಹೊಟ್ಟ್ಯಾಗ ಹಾಕ್ಕೋಬೇಕು" ಎಂದೆ. ನಾನು ತಲೆ ತಗ್ಗಿಸಿ ಚಹಾ ಕೊಟ್ಟೆ.

ದೇವರ ಎಡೆಗೆ ಮಾತ್ರ ನೀನು ಹರಿದ ರೊಟ್ಟಿ ಇಡುವುದಿಲ್ಲ. ಆ ದೇವರು ನಮ್ಮೊಳಗೂ ಇದ್ದಾನೆಂದು ಹೇಳಿಕೊಟ್ಟವಳೂ ನೀನೇ.

ಭಾನುವಾರ ಮಸ್ಕಿಯವರು ನೋಡಲು ಬರುತ್ತಾರೆ ಎಂದೆಯಲ್ಲ, ನಾನು ಊರಿಗೆ ಬರುತ್ತೇನೆ. ಆದರೆ ನನ್ನ ಪರವಾಗಿ ಕ್ಷಮೆ ಕೇಳಬೇಡ. ಕೇಳಿದರೆ ಎದ್ದು ಒಳಗೆ ಹೋಗುತ್ತೇನೆ. ರೊಟ್ಟಿ ಜೊತೆ ತಿನ್ನಲು ಶೇಂಗಾ ಹಿಂಡಿ ಕುಟ್ಟಿಡು.

ಅವತ್ತು ರೊಟ್ಟಿ ನಾನೇ ಬಡಿಯುತ್ತೇನೆ. ಮೊದಲು ಉಬ್ಬಿದ್ದು ನಿನಗೆ, ಆಮೇಲಿನದು ನನಗೆ. ಮಸ್ಕಿಯವರಿಗೆ ಅದಾದ ಮೇಲೆ.

ನಿನ್ನ
ಹುಲಿಗೆಮ್ಮ