ಹನೂರಿನ ಸೀರೆ

೧೭ ಮಾರ್ಚ್ ೨೦೨೦, ಮಂಗಳವಾರ

ಕ್ಲಾಸಿನಿಂದ ಬಂದೆ. ಇವತ್ತು ಅಲ್ಲಿನ ಮಹಡಿ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದೆ. ನಡುವೆ ನಿಲ್ಲಲಿಲ್ಲ. ಮೇಲೆ ನಿಂತಿದ್ದ ಭವ್ಯ ಮೇಡಂ ಚಪ್ಪಾಳೆ ಹೊಡೆದರು. ನಾಚಿಕೆಯಾಯಿತು. ನನ್ನಂಥ ತುಂಬ ದಪ್ಪ ಇರುವವರಿಗೆ ವ್ಯಾಯಾಮ ಮಾಡಿಸಲೆಂದೇ ಅವರು ಯಳಂದೂರಿನಿಂದ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬರುವುದು.

ತೂಕ ಎಷ್ಟು ಇಳಿದಿದೆ ಮೇಡಂ ಎಂದು ಕೇಳಿದೆ.

"ತೂಕದ ಮಾತು ಆಮೇಲೆ ಸ್ಪಂದನ. ಉಸಿರು ಹೇಗಿದೆ, ಅದು ಹೇಳಿ."

ಚೆನ್ನಾಗಿದೆ.

ಸಂಜೆ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ಒಂದು ಗೇಣು ನೇಯ್ದೆ. ಒಬ್ಬಳೇ ಎದ್ದೆ. ಸಂಕ್ರಾಂತಿಯಿಂದ ಒಬ್ಬಳೇ ಏಳುತ್ತಿದ್ದೇನೆ. ಪಕ್ಕದ ಮಗ್ಗದಲ್ಲಿದ್ದ ಅಪ್ಪ ತಲೆ ಎತ್ತಿ ನೋಡಲಿಲ್ಲ. ಆದರೆ ಅವನ ಲಾಳಿ ನಿಂತಿತ್ತು — ನಾನು ಎದ್ದು ನಿಲ್ಲುವ ತನಕ.

೨೬ ಮಾರ್ಚ್

ಎಲ್ಲ ಬಂದ್. ಬಸ್ ಇಲ್ಲ, ಮೇಡಂ ಇಲ್ಲ, ಕ್ಲಾಸ್ ಇಲ್ಲ. ದಪ್ಪ ಇರುವವರಿಗೆ ಈ ಕಾಯಿಲೆ ಬಂದರೆ ಕಷ್ಟ ಎಂದು ಟೀವಿಯಲ್ಲಿ ಹೇಳಿದರಂತೆ. ಅಪ್ಪ ಗೇಟಿಗೆ ಬೀಗ ಹಾಕಿ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

"ಬೀದೀಲಿ ಒಂದ್ ನರಪಿಳ್ಳೆ ಇಲ್ಲ. ವಸಿ ನಡ್ಕಂಡ್ ಬರ್ಲಿ ಬುಡಿ" ಎಂದಳು ಅವ್ವ.

"ಇರಾಳು ಒಬ್ಳೇ ಮಗ್ಳು ಕಣಮ್ಮಿ. ಆಚೆ ಬುಡಾಕಿಲ್ಲ."

೧೯ ಏಪ್ರಿಲ್

ಬರೆಯಲು ಏನಿದೆ. ಊಟ, ಟೀವಿ, ನಿದ್ದೆ.

ಮೇಡಂ ಫೋನ್ ಮಾಡಿದ್ದರು. ಕುರ್ಚಿ ಮೇಲೆ ಕೂತು ಏಳಬೇಕಂತೆ, ಮತ್ತೆ ಕೂತು ಏಳಬೇಕಂತೆ. ಪ್ಲಾಸ್ಟಿಕ್ ಕುರ್ಚಿ ಕಿರ್ ಎಂದಿತು. ಒಮ್ಮೆ ಮದುವೆಮನೆಯಲ್ಲಿ ನನ್ನ ಕೆಳಗೆ ಒಂದು ಮುರಿದಿತ್ತು. ಬಿಟ್ಟುಬಿಟ್ಟೆ. ಮಾಡಿದೆ ಮೇಡಂ ಎಂದು ಸುಳ್ಳು ಹೇಳಿದೆ.

ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಉಸಿರು ಕಟ್ಟುತ್ತದೆ.

೩ ಮೇ

ಗುಂಡಿಗೆ ಕಾಲು ಬಿಟ್ಟು ಕೂತೆ. ಏಳಲು ಆಗಲಿಲ್ಲ.

ಅಪ್ಪ ಎಳೆದ. ಅವ್ವ ತಳ್ಳಿದಳು. ಆಗಲಿಲ್ಲ. ಪಕ್ಕದ ಮನೆ ರಂಗಮ್ಮ ಬಾಯಿಗೆ ಸೆರಗು ಕಟ್ಟಿಕೊಂಡು ಬಂದಳು. ಮೂವರೂ ಸೇರಿ ಎತ್ತಿದರು.

"ಗಣಪತೀನ ಬುಡಾದ್ ಸುಲ್ಬ ಕಣ್ ಗುರುಸ್ವಾಮಣ್ಣ, ಎತ್ತಾದೇ ಕಷ್ಟ" ಎಂದಳು ರಂಗಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಪ್ಪ ನಗಲಿಲ್ಲ.

ಆಮೇಲೆ ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತೆ. ವರ್ಷವಿಡೀ ಬೆವರು ಸುರಿಸಿ ಸಂಪಾದಿಸಿದ್ದು. ಕೂತಲ್ಲೇ ಕರಗಿಹೋಯಿತು. ಕರಗಬೇಕಾದ್ದು ಕರಗಲಿಲ್ಲ...

ಗುಂಡಿಯ ಮೇಲೆ ಹಲಗೆ ಮುಚ್ಚಿದೆ. ಇನ್ನು ಆ ಕಡೆ ಹೋಗುವುದಿಲ್ಲ.

೬ ಮೇ

ಹನೂರಿನ ಸದಾಶಿವಪ್ಪನವರ ಮಗಳ ಮದುವೆಗೆ ಸೀರೆ ಬೇಕಂತೆ. ಅಪ್ಪ ಬೆಳಿಗ್ಗೆ ಹೇಳಿದ. ಸೀರೆಯ ಉದ್ದಕ್ಕೆ ಬರುವ ನೂಲು, ಅದೇ ಹಾಸು, ಅದನ್ನು ಹಾಕಿಕೊಡುವ ಮಿಷನ್ ಮನೆ ಬಂದ್. ತಾತನ ಕಾಲದ ಗೂಟಗಳನ್ನು ಅಟ್ಟದಿಂದ ಇಳಿಸಿದ. ತಲೆಬಾಗಿಲಲ್ಲಿ ಒಂದು ಸಾಲು, ಹಿತ್ತಲಲ್ಲಿ ಒಂದು ಸಾಲು ನೆಟ್ಟ. ನೂಲು ಹಿಡಿದು ಆ ತುದಿಯಿಂದ ಈ ತುದಿಗೆ ನಡೆಯುತ್ತ ಸುತ್ತಬೇಕು.

"ನನ್ ಮಂಡಿ ಓಯ್ತು ಮಗ. ಆಸು ನೀನೇ ಸುತ್ತು."

"ನನ್ ಕೈಲಿ ಆಗಲ್ಲ ಅಪ್ಪ."

"ಅನೂರೋರ್ಗೆ ಮಾತ್ ಕೊಟ್ಬುಟ್ಟಿವ್ನಿ."

ಮಾತು ಕೊಟ್ಟಮೇಲೆ ಏನು ಮಾಡುವುದು. ಸುತ್ತಿದೆ. ಪ್ರತಿ ಗೂಟದ ಹತ್ತಿರವೂ ಗೋಡೆ ಹಿಡಿದು ನಿಂತೆ. ಅಪ್ಪ ನಡುಮನೆಯಲ್ಲಿ ಮಣೆ ಹಾಕಿಕೊಂಡು ಕೂತಿದ್ದ. ನಾನು ಹಾದುಹೋದಾಗಲೆಲ್ಲ "ಬಂದಾ? ಓಗು" ಎನ್ನುವುದು. ಅಷ್ಟೇ ಅವನ ಮಾತು.

೧೪ ಮೇ

ಇವತ್ತು ಹಿತ್ತಲ ತನಕ ಗೋಡೆ ಹಿಡಿಯದೆ ಹೋದೆ. ನೂಲು ತುಂಡಾಗಿತ್ತು, ಗಂಟು ಹಾಕಿದೆ. ನನ್ನ ಗಂಟು ಸ್ವಲ್ಪ ದಪ್ಪ. ಎಲ್ಲಿದ್ದರೂ ಗುರುತು ಸಿಗುತ್ತದೆ.

ಮದುವೆಗೆ ಎಷ್ಟು ಸೀರೆಯೋ. ಹಾಸು ಮುಗಿಯುವುದೇ ಇಲ್ಲ. ಸಂಜೆ ಮುಗಿಸಿದರೆ ಬೆಳಿಗ್ಗೆ ಗೂಟ ಖಾಲಿ. "ಅದ ಸುತ್ತಿ ಎತ್ತಿಟ್ಟಿವ್ನಿ, ಇದು ಬ್ಯಾರೆದು" ಎನ್ನುತ್ತಾನೆ ಅಪ್ಪ.

೨೧ ಮೇ, ಬೆಳಿಗ್ಗೆ

ಬೇಗ ಎಚ್ಚರವಾಯಿತು. ಹಿತ್ತಲಿಗೆ ಹೊರಟವಳು ಬಾಗಿಲಲ್ಲೇ ನಿಂತೆ.

ಅಪ್ಪ ಹಾಸು ಬಿಚ್ಚುತ್ತಿದ್ದ. ನಿನ್ನೆ ನಾನು ಸುತ್ತಿದ್ದನ್ನು. ಗೂಟದಿಂದ ಬಿಡಿಸಿ ಬಿಡಿಸಿ ಮತ್ತೆ ಉಂಡೆ ಮಾಡುತ್ತಿದ್ದ. ಮಂಡಿ ನೋವು ಇದ್ದದ್ದು ನಿಜವೇ — ಕುಂಟುತ್ತ ಆ ತುದಿಗೆ, ಕುಂಟುತ್ತ ಈ ತುದಿಗೆ. ನೇಕಾರ ಹಾಸು ಬಿಚ್ಚಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ.

ಹಿಂದೆ ಬಂದು ಮುಸುಕು ಹಾಕಿಕೊಂಡೆ.

ಅದೇ ದಿನ, ಮಧ್ಯಾಹ್ನ

ಅವ್ವನನ್ನು ಒಲೆ ಹತ್ತಿರ ಕೇಳಿದೆ. ಮೊದಲು ಏನೂ ಇಲ್ಲ ಎಂದಳು. ಆಮೇಲೆ ನಕ್ಕಳು. ಕಣ್ಣಲ್ಲಿ ನೀರು.

"ಆ ಮದ್ವೆ ಮುಂದಕ್ಕೋಗದೆ ಕಣವ್ವ. ಸೀರೇನೂ ಇಲ್ಲ, ಎಂತದೂ ಇಲ್ಲ. ಮೇಡಮ್ಮುಂಗೆ ಫೋನ್ ಮಾಡಿದ್ರು ನಿಮ್ಮಪ್ಪ. ಎಂಗಾದ್ರೂ ಮಾಡಿ ನಡೆಸಿ ಅಂದ್ರಂತೆ ಮೇಡಮ್ಮು. ನಡಿ ಅಂತ ನಿಂಗೆ ಏಳಕ್ಕೆ ನಿಮ್ಮಪ್ಪುಂಗೆ ಬಾಯಿ ಬರ್ನಿಲ್ಲ. ನೀ ನೊಂದ್ಕತೀಯ ಅಂತ... ಗೊತ್ತಾಯ್ತು ಅಂತ ಏಳ್ಬೇಡ ಕಣೆ."

ಹೇಳಲಿಲ್ಲ. ಸಂಜೆ ನೂಲು ಹಿಡಿದೆ. ನನ್ನ ದಪ್ಪ ಗಂಟು ಮತ್ತೆ ಬೆರಳಿಗೆ ಸಿಕ್ಕಿತು.

"ಅಪ್ಪ, ಹನೂರಿನವರಿಗೆ ಯಾವಾಗ ಬೇಕಂತೆ?"

"ಅವಸ್ರ ಇಲ್ಲ ಅಂದವ್ರೆ."

"ಹಾಗಾದ್ರೆ ನಿಧಾನಕ್ಕೆ ಸುತ್ತಲಾ?"

"ನಿಧಾನ ಯಾಕೆ? ಜೋರಾಗೇ ಸುತ್ತು" ಎಂದ. ಮುಖ ಆ ಕಡೆ.

೯ ಜೂನ್, ಮಂಗಳವಾರ, ಸಂಜೆ

ಮೇಡಂ ಫೋನ್. ಯಳಂದೂರಿನ ಬಸ್ ಸಿಕ್ಕಿದರೆ ಶುಕ್ರವಾರ ಬರುತ್ತಾರಂತೆ. ಬೆಳಿಗ್ಗೆ ನೋಡಿದರೆ ಬೀಗದ ಕೈ ಬಾಗಿಲ ಮೊಳೆಗೆ ನೇತಾಡುತ್ತಿತ್ತು.

ತೂಕ ನೋಡಿಕೊಂಡಿಲ್ಲ. ಇಳಿದಿರಲಾರದು. ಉಸಿರು ಚೆನ್ನಾಗಿದೆ.

ಗುಂಡಿಯ ಹಲಗೆ ತೆಗೆದೆ. ಕಾಲು ಇಳಿಬಿಟ್ಟು ಕೂತು, ಮಗ್ಗದ ಮೇಲೆ ಪುಸ್ತಕ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇನ್ನು ಏಳಬೇಕು. ಪಕ್ಕದಲ್ಲಿ ಅಪ್ಪನ ಲಾಳಿ ಓಡುತ್ತಿದೆ, ಉಳಿದಿದ್ದ ನೂಲಿನಲ್ಲಿ ಏನೋ ನೇಯುತ್ತಿದ್ದಾನೆ.

ರಂಗಮ್ಮನ್ನ ಕರೀಲಾ ಎಂದಳು ಅವ್ವ. ಬೇಡ ಎಂದೆ. ಪೆನ್ನು ಕೆಳಗಿಟ್ಟು ಎರಡೂ ಕೈ ಊರಬೇಕು.

ಲಾಳಿ ನಿಂತಿತು —