ಹಲ್ಲುಬ್ಯಾನಿ ಎಂದೇ ಹೇಳಿದೆ

21-1-91, ಸೋಮವಾರ. ಬ್ಯಾಡಗಿ
ಪೇಟೆ ದಿನ. ನಲವತ್ತು ಚೀಲ ನೋಡಿದೆ. ನೋಡಿದ್ದು ಕಣ್ಣಿನಿಂದಷ್ಟೇ — ಮೂಗು ಒಂಬತ್ತು ದಿನದಿಂದ ಕಟ್ಟಿದೆ. ಘಾಟು, ಮುಗ್ಗಲು, ಒಂದೂ ತಿಳಿಯುತ್ತಿಲ್ಲ. ಅಂದಾನೆಪ್ಪ ಸಾವುಕಾರರ ದಲಾಲಿ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಮೆಣಸಿನಕಾಯಿ ಮೂಸಿ ದರ್ಜೆ ಹೇಳುವವನು ನಾನು. ಎಡಗಡೆ ಮೇಲಿನ ದವಡೆಯೂ ನೋಯುತ್ತಿದೆ.

ಇವತ್ತು ಸಾವುಕಾರರು ಹೊಸಬ ಫಕ್ರುದ್ದೀನನ ಕೈಗೂ ಒಂದು ಕಾಯಿ ಕೊಟ್ಟರು. ಹಲಗೇರಿಯವನು, ಇನ್ನೂ ಇಪ್ಪತ್ತಾರು. ಮುರಿದು ಮೂಸಿ, “ಹೋದ ವರ್ಷದ ಮಾಲು ಬೆರೆಸ್ಯಾರ್ರಿ” ಎಂದ. ಖರೆ ಇತ್ತು, ರೈತನೇ ಒಪ್ಪಿಕೊಂಡ. ನನಗೆ ಹೊಟ್ಟೆ ಉರಿದುಹೋಯಿತು.

“ಯಾಕ ಗನಿಸಾಬ, ಸಪ್ಪಗ ಅದೀಯಲ್ಲ?” ಎಂದರು ಸಾವುಕಾರರು.

“ಹಲ್ಲುಬ್ಯಾನಿರಿ.”

ಮೂಗು ಎಂದಿದ್ದರೆ ನಾಳೆಯೇ ನನ್ನ ಜಾಗದಲ್ಲಿ ಅವನು.

24-1, ಗುರುವಾರ
ನೋವು ಒಂದು ಹಲ್ಲಿಗಲ್ಲ, ಮೂರಕ್ಕೂ. ಚೀಲಕ್ಕೆ ಬಗ್ಗಿದರೆ ಕೆನ್ನೆಯೊಳಗೆ ಭಾರ ಇಳಿಯುತ್ತದೆ. ಹೆಂಡತಿ ರಸೂಲಬಿ ಲವಂಗ ಇಟ್ಟಳು. ಅಂಗಡಿಯಲ್ಲಿ ಫಕ್ರುದ್ದೀನ ಕಿವಿ ಹತ್ತಿರ ಬಂದು, “ಗನಿಭಾಯ್, ಬಿಸಿನೀರಿನ ಉಗಿ ತಗೋರಿ” ಎಂದ. ಉಗಿ ಹಲ್ಲಿಗಾ? ಗೊತ್ತಾಗಿದೆ ಅವನಿಗೆ.

29-1, ಮಂಗಳವಾರ. ರಾಣೆಬೆನ್ನೂರು
ಹಲ್ಲಿನ ಡಾಕ್ಟರು ಒಂದೊಂದೇ ತಟ್ಟಿ ನೋಡಿದರು. ಎಕ್ಸ್‌ರೇ ಆಯಿತು. “ಹಲ್ಲು ಗಟ್ಟಿ ಅದಾವ. ಇದು ಸೈನಸ್. ಮೂಗಿನ ಬಾಜೂ ಎಲುಬಿನಾಗ ಪೊಳ್ಳು ಇರತೈತಿ, ಅದರಾಗ ಕಫ ತುಂಬೇತಿ. ಮ್ಯಾಲಿನ ಹಲ್ಲಿನ ಬೇರು ಅದಕ್ಕ ಹತ್ತೇ ಇರತಾವ. ಮೂಗಿನ ಡಾಕ್ಟರಿಗೆ ತೋರಿಸ್ರಿ.” ಚೀಟಿ ಕೊಟ್ಟರು.

ಚೀಟಿ ಹಾವೇರಿಯ ಮೂಗಿನ ಡಾಕ್ಟರ ಹೆಸರಿಗೆ. ಅವರು ಸಾವುಕಾರರ ಅಳಿಯ. ಚೀಟಿ ಬಸ್ ಸ್ಟ್ಯಾಂಡಿನಲ್ಲಿ ಹರಿದೆ.

7-2, ಗುರುವಾರ
ಒಂದು ಹಲ್ಲು ಕೀಳಿಸಿದೆ, ಏನೂ ಕೇಳದೆ ಕೀಳುವವನ ಹತ್ತಿರ. ಕಾಗದದಲ್ಲಿ ಕಟ್ಟಿ ತಂದು ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದೆ. ನೋವು ಅಲ್ಲೇ ಇದೆ. ಮೂಗೂ ಹಾಗೇ.

11-2, ಸೋಮವಾರ
ಮುಗ್ಗಲು ಹಿಡಿದ ಹದಿನಾಲ್ಕು ಚೀಲಕ್ಕೆ ಒಂದನೇ ದರ್ಜೆ ಎಂದುಬಿಟ್ಟೆ. ಸಾವುಕಾರರು ಒಂದು ಹಿಡಿ ಎತ್ತಿ ಮೂಸಿ ನನ್ನತ್ತ ತಿರುಗಿದರು. ನಾನು ಕೆನ್ನೆ ಹಿಡಿದುಕೊಂಡೆ.

ಹಿಂದಿನಿಂದ ಫಕ್ರುದ್ದೀನ — “ಗನಿಭಾಯ್ ನನಗ ಮೊದಲs ಹೇಳಿದ್ರು ಸಾವುಕಾರ್ರs, ಈ ಮಾಲು ಬ್ಯಾಡ ಅಂತ. ಹಲ್ಲುಬ್ಯಾನ್ಯಾಗ ಮಾತು ತಪ್ಪೇತಿ.”

ಸುಳ್ಳು. ನಾನು ಹೇಳಿರಲೇ ಇಲ್ಲ. ಉಳಿಸಿದ... ಉಳಿಸಿದ್ದಕ್ಕೇ ಇನ್ನಷ್ಟು ಉರಿ. ಮೂಗೂ ಅವನದೇ, ದೊಡ್ಡತನವೂ ಅವನದೇ. ನನಗೇನು ಉಳಿಯಿತು?

ಸಾವುಕಾರರು, “ಆ ಬಾಜೂ ಹಲ್ಲೂ ಕೀಳಿಸಿಬಿಡು. ನಾಳೆ ಜೀಪಿನಾಗ ನಾನs ಕರಕೊಂಡು ಹೊಕ್ಕೇನಿ” ಎಂದರು. ಫಕ್ರುದ್ದೀನ ನನ್ನನ್ನೇ ನೋಡುತ್ತಿದ್ದ, ಈಗಲಾದರೂ ಹೇಳು ಎನ್ನುವ ಹಾಗೆ.

“ಹೂಂರಿ” ಎಂದೆ.

12-2, ಮಂಗಳವಾರ, ಬೆಳಿಗ್ಗೆ ಎಂಟು
ಜೀಪು ಬಂದಿದೆ. ಕನ್ನಡಿಯಲ್ಲಿ ಹಲ್ಲು ನೋಡಿಕೊಂಡೆ. ಒಂದು ಕಲೆಯೂ ಇಲ್ಲ. ಸಾವುಕಾರರ ಪಕ್ಕದಲ್ಲಿ ಫಕ್ರುದ್ದೀನನೂ ಇದ್ದಾನೆ. ಇಳಿದು ಬಾಗಿಲಿಗೆ ಬರುತ್ತಿದ್ದಾನೆ. ಅವನನ್ನು ಒಳಗೆ ಬಿಡಬೇಡ ಎಂದೆ ರಸೂಲಬಿಗೆ. ಇನ್ನೊಂದು ಸಲ ಅವನು ಭಾಯ್ ಎಂದರೆ ನಾನು ಎಲ್ಲ ಹೇಳಿಬಿ—