ಯಾರ ಕಡೆ ನೋಡಿ ಹಾಡಿದೆ

ದಾಂಡೇಲಿ
ನವೆಂಬರ್ ೨೧, ಗುರುವಾರ

ಪ್ರೀತಿಯ ಮರ್ತಕ್ಕಾ,

ಮಂಡಿ ಈಗ ಹೇಗಿದೆ? ಮಡಗಾಂವಿನ ಆ ಮನೆಯಲ್ಲಿ ಮೆಟ್ಟಿಲು ಹತ್ತಿ ಇಳಿಯುವುದು ಸ್ವಲ್ಪವಾದರೂ ಕಡಿಮೆಯಾಯಿತೇ? ನೀನು ನೋಡಿಕೊಳ್ಳುತ್ತಿರುವ ಅಜ್ಜಿ ಸರಿಯಾಗಿ ಊಟ ಮಾಡುತ್ತಾರೆಯೇ, ಅಥವಾ ಈಗಲೂ ನೀನು ಹಾಡಿದರೆ ಮಾತ್ರ ಬಾಯಿ ತೆರೆಯುತ್ತಾರೆಯೇ? ಚಳಿ ಶುರುವಾಗಿದೆ, ಮಂಡಿಗೆ ಬಟ್ಟೆ ಸುತ್ತಿಕೊಂಡು ಮಲಗು. ನಾನು ಚೆನ್ನಾಗಿದ್ದೇನೆ. ಈ ಮಾತನ್ನು ಬರೆದು ಮತ್ತೊಮ್ಮೆ ಓದಿದೆ, ಅಷ್ಟು ನಿಜವಲ್ಲ. ಮೈಗೆ ಏನೂ ಆಗಿಲ್ಲ ಎಂದು ಓದಿಕೋ.

ಫೋನ್ ಇರುವಾಗ ಪತ್ರ ಯಾಕೆ ಎನ್ನುತ್ತೀ. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀನು ಅದಕ್ಕೊಂದು ತಮಾಷೆಯ ಬಾಲ ಕಟ್ಟುತ್ತೀ, ಇಬ್ಬರೂ ನಗುತ್ತೇವೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಈ ಸಲ ಪೂರ್ತಿ ಹೇಳಬೇಕಾಗಿದೆ. ನಮ್ಮ ಮನೆಯ ಕೊಂಕಣಿಯನ್ನು ಬರೆಯಲು ನಿನಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ನೀನು ಓದುವುದಿಲ್ಲ. ಆದ್ದರಿಂದ ಕನ್ನಡ. ವಾಡೆಯ ನಮ್ಮ ಸಿದ್ದಿ ಮಂದಿಯ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಹೇಗೂ ನನ್ನನ್ನು ಕಂಡ ಕೂಡಲೇ ಅವರು ಕೊಂಕಣಿ ಬಿಟ್ಟು ಹಳಿಯಾಳದ ಕನ್ನಡಕ್ಕೆ ಬಂದುಬಿಡುತ್ತಾರೆ, ಬಸ್ಸಿನ ಕಂಡಕ್ಟರನ ಜತೆ ಮಾತಾಡುವ ಹಾಗೆ. ಅದು ನನಗೆ ಇಷ್ಟು ದಿನ ಮರ್ಯಾದೆಯ ಹಾಗೆ ಕಾಣುತ್ತಿತ್ತು.

ನಾನು ಕೆಲಸ ಮಾಡುವ ಗಣೇಶಗುಡಿ ಹತ್ತಿರದ ರಿಸಾರ್ಟಿನಲ್ಲಿ ಶನಿವಾರ ಸಂಜೆ 'ಸಿದ್ದಿ ಡಮಾಮಿ ನೃತ್ಯ' ಇರುತ್ತದೆ ಎಂದು ಹೇಳಿದ್ದೆನಲ್ಲ. ನೀನು ಗೋವೆಗೆ ಹೋದ ಮೇಲೆ ಶುರುವಾದದ್ದು, ಹಾಗಾಗಿ ನೀನು ನೋಡಿಲ್ಲ. ನಮ್ಮ ವಾಡೆಯವರೇ ಟೆಂಪೋದಲ್ಲಿ ಬರುತ್ತಾರೆ. ಚಿಕ್ಕಪ್ಪನ ಮಗ ಸಂತಾನ ನಮ್ಮ ಡಮಾಮಿ ಡೋಲು ಬಾರಿಸುತ್ತಾನೆ, ರುಕ್ಮಾ ಮಾವಶಿ ಮುಂದೆ ನಿಂತು ಹಾಡುತ್ತಾಳೆ, ಇರ್ಫಾನನ ಹೆಂಡತಿ ಮುಸ್ಕಾನ ಮತ್ತು ಉಳಿದವರು ಸುತ್ತ ಕುಣಿಯುತ್ತಾರೆ. ಹಾಡುವುದು ನೀನು ಅಂಗಳದಲ್ಲಿ ಹಾಡುತ್ತಿದ್ದ ರೀತಿಯಲ್ಲೇ: ಡಮಾಮಿಯ ಪೆಟ್ಟು ಯಾರ ಮುಂದೆ ನಿಲ್ಲುತ್ತದೋ ಅವರು ಅಲ್ಲೇ ಒಂದು ಹೊಸ ಸಾಲು ಕಟ್ಟಬೇಕು, ಉಳಿದವರು ಎತ್ತಿಕೊಳ್ಳಬೇಕು. ಕಟ್ಟುವುದು ಯಾರ ಮೇಲೆ ಗೊತ್ತೇ? ಎದುರು ಕುರ್ಚಿಯಲ್ಲಿ ಕೂತಿರುವ ಅತಿಥಿಗಳ ಮೇಲೆ. ಒಬ್ಬರ ಹೊಟ್ಟೆ, ಒಬ್ಬರ ಚಡ್ಡಿ, ಹೆಂಡತಿಗೆ ಹೆದರಿ ಬಾಟಲಿ ಮುಚ್ಚಿಡುವವನು, ಒಮ್ಮೊಮ್ಮೆ ಸಂಬಳ ತಡ ಮಾಡುವ ನಮ್ಮ ರಿಸಾರ್ಟಿನ ಮಾಲೀಕನೂ. ಎಲ್ಲಾ ಕೊಂಕಣಿಯಲ್ಲಿ. ಅವರಿಗೆ ಏನೂ ತಿಳಿಯುವುದಿಲ್ಲ, ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟುತ್ತಾರೆ. ನಾನು ಪಾನಕದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತು, ಅರ್ಥ ಕೇಳಿದವರಿಗೆ ಇಂಗ್ಲಿಷಿನಲ್ಲಿ ಹೇಳುತ್ತೇನೆ: ಇದು ಕಾಡಿಗೆ ಕೃತಜ್ಞತೆ ಸಲ್ಲಿಸುವ ಹಾಡು, ಇದು ಹಿರಿಯರನ್ನು ನೆನೆಯುವ ಹಾಡು. ಟೆಂಪೋ ಹತ್ತುವಾಗ ಮಾವಶಿ ಪ್ರತಿ ಸಲ ಕೇಳುತ್ತಿದ್ದಳು, "ಲೂರ್ದಿ, ಆ ಡೊಳ್ಳುಹೊಟ್ಟಿ ಹಾಡಿಗೆ ಇವತ್ತ ಏನ್ ಸುಳ್ಳ ಹೇಳಿದಿ?" ಹೇಳಿದರೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. "ಹಿರೇರನ್ನ ನೆನಿಯೂದಂತ! ಅವನ ಹೊಟ್ಟ್ಯಾಗ ನಾಕ ಮಂದಿ ಹಿರೇರು ಅದಾರ ಬಿಡು!"

ಆದರೂ ನನಗೆ ಆ ಸುತ್ತಿನೊಳಗೆ ಕೂರಬೇಕು ಎಂದು ಆಸೆ. ನಿನಗೆ ಇದು ವಿಚಿತ್ರವಾಗಿ ಕಾಣಬಹುದು, ನೀನು ಅದರಲ್ಲೇ ಹುಟ್ಟಿದವಳು. ನಾನು ಆರನೇ ವಯಸ್ಸಿಗೆ ಸಿಸ್ಟರುಗಳ ಬೋರ್ಡಿಂಗಿಗೆ ಹೋದೆ. ರಜೆಯಲ್ಲಿ ಬಂದಾಗ ನನಗೆ ಚಾಪೆ ಹಾಸಿ ಕೂರಿಸುತ್ತಿದ್ದರು, ನಿನ್ನನ್ನು ಮಾತ್ರ ಜುಟ್ಟು ಹಿಡಿದು ಎಳೆದುಕೊಳ್ಳುತ್ತಿದ್ದರು. ಜೂನಿನಲ್ಲಿ ಪುಣೆಯಿಂದ ಒಬ್ಬರು ರಿಸಾರ್ಟಿನವರಿಗೆ ತರಬೇತಿ ಕೊಡಲು ಬಂದಿದ್ದರು, ಸೃಜನಶೀಲ ಚಿಂತನೆ ಅಂತ. ಒಂದು ಇಟ್ಟಂಗಿಯನ್ನು ಎಷ್ಟು ಬಗೆಯಲ್ಲಿ ಬಳಸಬಹುದು ಎಂದು ಬರೆಯಿರಿ ಎಂದರು. ನಾನು ಗೋಡೆ ಎಂದು ಬರೆದೆ, ಆಮೇಲೆ ಒಲೆ. ಅಲ್ಲಿಗೆ ನಿಂತೆ. ಅಲ್ಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವ ಮುಸ್ಕಾನ ಬಾಗಿಲಲ್ಲಿ ನಿಂತೇ, "ನಮ್ಮತ್ತಿ ಮಲಗುವಾಗ ಬಾಯಿ ಮ್ಯಾಲೆ ಇಡಬಹುದ್ರಿ" ಎಂದಳು. ಇಡೀ ಕೋಣೆ ನಕ್ಕಿತು. ಎಲ್ಲಿಂದ ಬರುತ್ತದೆ ಅಕ್ಕಾ ನಿಮಗೆಲ್ಲ ಅದು? ನನಗೆ ಬಾರದಿರುವುದು ಬುದ್ಧಿಯ ಕೊರತೆಯಿಂದಲೋ, ಅಥವಾ ತಪ್ಪಿದರೂ ತಳ್ಳಿಹಾಕದ ಜನ ಸುತ್ತ ಇಲ್ಲದ್ದರಿಂದಲೋ?

ದೀಪಾವಳಿ ರಜೆಯ ಶನಿವಾರ ಜನ ತುಂಬಿತ್ತು, ಹಾಡುವವರಲ್ಲಿ ಇಬ್ಬರು ಬಂದಿರಲಿಲ್ಲ. ಮಾವಶಿ ನನ್ನ ಕೈಯ ತಟ್ಟೆಯನ್ನು ಕಿತ್ತು ಮೇಜಿನ ಮೇಲಿಟ್ಟು, "ಬಾ, ಇಲ್ಲೆ ಕುಂಡ್ರು, ಮರ್ತಾನ ತಂಗಿ ಹೌದೋ ಅಲ್ಲೋ ನೋಡೂಣು" ಎಂದಳು. ಡಮಾಮಿ ನನ್ನ ಮುಂದೆ ಬಂದು ನಿಂತಿತು. ಕೊಂಕಣಿಯಲ್ಲಿ ಒಂದು ಪದವೂ ಬರಲಿಲ್ಲ. ಸಂತಾನ ಇನ್ನೊಂದು ಸುತ್ತು ಬಾರಿಸಿ ಕಾದ. ಮುಂದಿನ ಸಾಲಿನಲ್ಲಿ ಹುಬ್ಬಳ್ಳಿಯವರೊಬ್ಬರು ಹೊತ್ತು ಮುಳುಗಿದ ಮೇಲೂ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ನನ್ನ ಬಾಯಿಂದ ಕನ್ನಡ ಬಂತು:

ಹುಲಿ ನೋಡಾಕ ಬಂದಾರ ಸಾಹೇಬ್ರು, ಸಂಜೀಕೂ ಕರಿ ಚಸ್ಮಾ
ಹುಲಿನೇ ನೋಡಿ ಓಡಿ ಹೋತು, ಇದ್ಯಾವ ಗೂಬಿ ತಮ್ಮಾ!

ಕುರ್ಚಿಗಳ ಕಡೆಯಿಂದ ನಗು ಸಿಡಿಯಿತು. ಆ ಸಾಹೇಬರೇ ಎಲ್ಲರಿಗಿಂತ ಹೆಚ್ಚು ನಕ್ಕರು, ಕನ್ನಡಕ ತೆಗೆದು ಸಂತಾನನ ತಲೆಗೆ ಹಾಕಿದರು. ನಮ್ಮವರೂ ನಕ್ಕು ನಕ್ಕು ನೆಲಕ್ಕೆ ಕೂತರು. ಮುಸ್ಕಾನ ನನ್ನನ್ನು ತಬ್ಬಿಕೊಂಡು ಬೆನ್ನಿಗೆ ಗುದ್ದಿದಳು. ನಲವತ್ತೈದನೇ ವಯಸ್ಸಿನಲ್ಲಿ ನಾನು ಮೊದಲ ಸಲ ಏನನ್ನೋ ಕಟ್ಟಿದೆ, ಅದು ಬಿದ್ದುಹೋಗಲಿಲ್ಲ. ಆ ಸಂಜೆಯ ಸಂತೋಷವನ್ನು ಸಣ್ಣದು ಮಾಡಿ ಬರೆಯಲಾರೆ.

ಸೋಮವಾರ ಮ್ಯಾನೇಜರ್ ರುದ್ರೇಶ ಕರೆದರು. ಅತಿಥಿಗಳು ತೆಗೆದ ವಿಡಿಯೋ ಬಹಳ ಜನ ನೋಡಿದ್ದಾರಂತೆ. "ಲೂರ್ದಿನಾ ಮೇಡಂ, ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ರಿ ಈ ಕ್ರಿಯೇಟಿವಿಟೀನ?" ಎಂದರು. ಹೊಗಳಿಕೆ ಕೇಳಿ ಹಿಗ್ಗಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಇನ್ನು ಮೇಲೆ ಹಾಡೆಲ್ಲ ಕನ್ನಡದಲ್ಲಿರಬೇಕು. ನಾನು ಬರೆದು ಮೊದಲು ಅವರಿಗೆ ತೋರಿಸಬೇಕು. ಹುಲಿ, ನದಿ, ಕಾಡು ಇರಲಿ, ಅತಿಥಿಗಳ ಚೇಷ್ಟೆ ಒಂದೆರಡು ಹಿತವಾಗಿರಲಿ, ಮಾಲೀಕರ ಸುದ್ದಿ ಬೇಡ. ಕೊನೆಗೆ ಎದ್ದು ನಿಂತಾಗ ಕೇಳಿದರು, "ಅಂದಂಗ, ಹಳೇ ಕೊಂಕಣಿ ಹಾಡಿನ್ಯಾಗ ಏನ್ ಐತ್ರಿ? ಅದರ ಅರ್ಥಾನೂ ಬರ್ಕೊಡ್ರಿ. ಕಾರ್ಡ್ ಮಾಡ್ಸಿ ಟೇಬಲ್ ಮ್ಯಾಲೆ ಇಡೂಣು." ನಗುತ್ತಲೇ ಕೇಳಿದರು. ಅವರಿಗೆ ಅನುಮಾನ ಬಂದಿದೆಯೋ ಇಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ.

ಇದನ್ನು ಹೇಳಲು ನಾನು ಖುಷಿಯಿಂದಲೇ ವಾಡೆಗೆ ಹೋದೆ, ಎಂಥ ಪೆದ್ದಿ ನೋಡು. ಮಾವಶಿ ಅಕ್ಕಿ ಕೇರುತ್ತಿದ್ದಳು, ಮೊರ ನಿಲ್ಲಿಸಲಿಲ್ಲ. "ಕತ್ತಲದಾಗ ಆರಾಮ ಕುಂತು ಮಾತಾಡ್ತಿದ್ವಿ. ನೀ ಬಂದು ದೀಪಾ ಹಚ್ಚಿದಿ. ಈಗ ಎಲ್ಲಾರಿಗೂ ನಮ್ಮ ಮಾರಿ ಕಾಣತೈತಿ" ಎಂದಳು. ಮುಸ್ಕಾನ, "ಅಕ್ಕಾ, ವಾರ ಎಲ್ಲಾ ಅವರ ತಾಟು ತೊಳೀತೇವಿ, ಶನಿವಾರ ಒಂದಿನ ಬೈತೇವಿ. ಅದೂ ನಿಂತ್ರ ಹೆಂಗ?" ಎಂದಳು. ಸಂತಾನ ಒಬ್ಬನೇ, "ಕನ್ನಡ ಆದ್ರೇನು, ಕೊಂಕಣಿ ಆದ್ರೇನು, ಕರೀತಾರಲ್ಲ, ಹೋಗೂಣು" ಎಂದ. ಅದಕ್ಕೆ ಮಾವಶಿ, "ನೀ ಬಾರಸಾಂವ. ನಿನ್ನ ಡಮಾಮಿಗೆ ಯಾವ ಭಾಷಾ ಐತಿ?" ಎಂದಳು. ಅವನು ನಕ್ಕ, ಆಮೇಲೆ ಯಾರೂ ನಗಲಿಲ್ಲ. ನನಗೆ ಚಹಾ ಕೊಟ್ಟರು, ಒಳಗಿನಿಂದ ಕುರ್ಚಿ ತಂದು ಹಾಕಿದರು. ಕುರ್ಚಿ, ಅಕ್ಕಾ.

ಅಂದಿನಿಂದ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ. ಕೊಂಕಣಿ ಬರಲಿಲ್ಲ, ಕನ್ನಡ ಬಂತು, ಅಷ್ಟೇ ಎಂದುಕೊಂಡು ಸುಮ್ಮನಿರಬಹುದು. ಆದರೆ ಆ ವಿಡಿಯೋ ನೋಡಿದೆ. ಸಾಲು ಹೇಳುವಾಗ ನನ್ನ ಮುಖ ಮಾವಶಿಯ ಕಡೆ ಇಲ್ಲ, ಮುಸ್ಕಾನಳ ಕಡೆ ಇಲ್ಲ. ಕುರ್ಚಿಗಳ ಕಡೆ ಇದೆ. ಅವರು ನಗುತ್ತಾರೋ ಇಲ್ಲವೋ ಎಂದು ನೋಡುತ್ತಿದ್ದೇನೆ. ನಮ್ಮವರ ಜತೆ ಕೂತು ಅವರಿಗಾಗಿ ಹಾಡಿದೆ. ಇಷ್ಟು ವರ್ಷ ಸುತ್ತಿನ ಹೊರಗೆ ನಿಂತಿದ್ದೇನೆ ಎಂದು ಕೊರಗುತ್ತಿದ್ದೆನಲ್ಲ, ಆ ತಟ್ಟೆ ಹಿಡಿದು ಸುಳ್ಳು ಹೇಳುತ್ತಿದ್ದ ಜಾಗವೇ ನನ್ನ ಜಾಗವಾಗಿತ್ತೇನೋ. ನನ್ನ ಸುಳ್ಳು ಇಲ್ಲದಿದ್ದರೆ ಅವರ ಹಾಡು ನಡೆಯುತ್ತಿರಲಿಲ್ಲ. ಅದು ಅವರಿಗೆ ಗೊತ್ತಿತ್ತು. ನನಗೆ ಯಾರೂ ಹೇಳಲಿಲ್ಲ, ಯಾಕೆಂದರೆ ಅದನ್ನೆಲ್ಲ ಹೇಳುವುದಿಲ್ಲ, ಅಲ್ಲವೇ?

ಹೋದ ಶನಿವಾರದ್ದು ಹೇಳಿ ಮುಗಿಸುತ್ತೇನೆ. ಕನ್ನಡದ ಹಾಡು ನಾನು ಬರೆದುಕೊಟ್ಟಿರಲಿಲ್ಲ, ಮುಂದಿನ ವಾರ ಎಂದಿದ್ದೆ. ನಾನು ಮತ್ತೆ ತಟ್ಟೆ ಹಿಡಿದು ಪಕ್ಕದಲ್ಲಿದ್ದೆ, ರುದ್ರೇಶ ಕೈಕಟ್ಟಿ ಕಂಬದ ಹತ್ತಿರ ನಿಂತಿದ್ದರು. ನಮ್ಮವರು ಎರಡು ಹಾಡು ಹೇಳಿದರು, ಎರಡೂ ಸಪ್ಪೆ, ಯಾರ ಮೇಲೂ ಇಲ್ಲ. ಮೂರನೆಯದರಲ್ಲಿ ಮಾವಶಿ ನನ್ನ ಕಡೆ ತಿರುಗಿ ಕೊಂಕಣಿಯಲ್ಲಿ ಒಂದು ಸಾಲು ಎತ್ತಿದಳು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ನಮ್ಮ ಮನಿ ಕೋಳಿ ಸಾಹೇಬರ ಬುಟ್ಟ್ಯಾಗ ಮೊಟ್ಟಿ ಇಡತೈತಿ, ನಮ್ಮ ಅಂಗಳಕ್ಕ ಬಂದು ಬರೇ ಕೂಗತೈತಿ. ಎಲ್ಲರೂ ಎತ್ತಿಕೊಂಡರು. ಅತಿಥಿಗಳು ತಾಳ ಹಾಕಿದರು. ಪಕ್ಕದಲ್ಲಿದ್ದ ಹೆಂಗಸು ಅರ್ಥ ಕೇಳಿದರು. ಸುಗ್ಗಿಯ ಹಾಡು, ಮನೆಯ ಕೋಳಿಯ ಮೇಲಿನ ಪ್ರೀತಿ, ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆ ಕೋಳಿ ನಾನೇ ಎಂದು ಹೇಳಲಿಲ್ಲ.

ಆಗ ಸಂತಾನ ಕೈ ಇಳಿಸಿದ. ನಿಲ್ಲಿಸಲಿಲ್ಲ, ಬೆರಳಿನಿಂದ ಸಣ್ಣಗೆ ತಟ್ಟುತ್ತ ಇದ್ದ. ಕುಣಿಯುವವರೂ ನಿಂತರು. ಮೊದಲು ಅರ್ಥವಾಗಲಿಲ್ಲ, ಆಮೇಲೆ ಅಂಗಳದ ನೆನಪು ಬಂತು: ನಮ್ಮವರ ಮೇಲೆ ಸಾಲು ಕಟ್ಟಿದರೆ ಅವರು ಮರುಸಾಲು ಕೊಡುವ ತನಕ ಡಮಾಮಿ ಮುಂದೆ ಹೋಗುವುದಿಲ್ಲ. ಹೊರಗಿನವರ ಮೇಲೆ ಎಷ್ಟು ಹಾಡಿದರೂ ಯಾರೂ ಹಾಗೆ ಕಾಯುವುದಿಲ್ಲ. ಅವರು ನನಗಾಗಿ ಕಾಯುತ್ತಿದ್ದರು. ಅಷ್ಟು ಸಿಟ್ಟಿನಲ್ಲಿಯೂ ಕಾಯುತ್ತಿದ್ದರು. ನೀನಾಗಿದ್ದರೆ ಡಮಾಮಿ ತಗ್ಗುವ ಮೊದಲೇ ಕೊಟ್ಟುಬಿಡುತ್ತಿದ್ದೆ. ನಾನು ರುದ್ರೇಶರ ಕಡೆ ನೋಡಿದೆ, ತಟ್ಟೆಯ ಕಡೆ ನೋಡಿದೆ. ಸಂತಾನ ನನ್ನ ಮುಖ ನೋಡುತ್ತ ಬಹಳ ಹೊತ್ತು ತಟ್ಟಿದ. ಆಮೇಲೆ ಮಾವಶಿ, "ನಡಿ" ಎಂದಳು. ಹಾಡು ಮುಂದೆ ಹೋಯಿತು. ಟೆಂಪೋ ಹತ್ತುವಾಗ ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಇಷ್ಟು ಬರೆದ ಮೇಲೆ ಸ್ವಲ್ಪ ಹಗುರವಾಗಿದೆ. ನೀನು ಬೇಸರ ಮಾಡಿಕೊಳ್ಳಬೇಡ, ಅವರ ಮೇಲೆ ಸಿಟ್ಟಾಗಲೂ ಬೇಡ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಮಾತೆ ಮರಿಯಮ್ಮ ನಿನ್ನ ಮಂಡಿಗೂ ಬಾಯಿಗೂ ಶಕ್ತಿ ಕೊಡಲಿ.

ನಿನ್ನ ತಂಗಿ,
ಲೂರ್ದಿನಾ

ಇನ್ನೊಂದು ಮಾತು, ಶನಿವಾರ ಬೆಳಿಗ್ಗೆ, ಬಸ್ ನಿಲ್ದಾಣದಲ್ಲಿ ಬರೆಯುತ್ತಿದ್ದೇನೆ: ನಿನ್ನೆ ರುದ್ರೇಶರಿಗೆ ಹೇಳಿಬಿಟ್ಟೆ, ಕನ್ನಡದ ಹಾಡು ಬರೆಯುವುದಿಲ್ಲ, ಹಳೆಯದರ ಅರ್ಥವನ್ನೂ ಬರೆಯುವುದಿಲ್ಲ. ಅವರು ಸಿಟ್ಟಾಗಲಿಲ್ಲ. ಬೆಳಗಾವಿ ಕಡೆಯ ತಂಡವೊಂದನ್ನು ವಿಚಾರಿಸುತ್ತಾರಂತೆ, ನನ್ನ ಕೆಲಸದ ಬಗ್ಗೆ ಮಾಲೀಕರ ಜತೆ ಮಾತಾಡುತ್ತಾರಂತೆ. ಅಂದರೆ ನಮ್ಮವರ ಶನಿವಾರವನ್ನೂ ನಾನು ಕಳೆದೆನೇನೋ, ಅವರನ್ನು ಕೇಳದೆ. ಅದನ್ನೇ ಹೇಳಲು ವಾಡೆಗೆ ಹೊರಟಿದ್ದೇನೆ. ಮೊದಲು ಮರುಸಾಲು ಹೇಳುತ್ತೇನೆ, ಆಮೇಲೆ ಈ ಸುದ್ದಿ. ನಿನ್ನನ್ನು ಕೇಳಿ ಒಂದು ಒಳ್ಳೆಯದನ್ನು ಕಟ್ಟಿಸಿಕೊಳ್ಳಬೇಕು ಎಂದು ಎರಡು ಸಲ ಫೋನ್ ತೆಗೆದು ಇಟ್ಟೆ. ನನ್ನದೇ ಇರಲಿ. ಕೊಂಕಣಿಯಲ್ಲೇ ಕಟ್ಟಿದ್ದೇನೆ, ತಾಳ ಒಂದು ಕಡೆ ಕುಂಟುತ್ತದೆ. ಅರ್ಥ ಇಷ್ಟು: ಮೊಟ್ಟಿ ಎಲ್ಲಿಟ್ಟರೂ ಮಾವಶಿ, ಕೂಗಾಕ ಕೋಳಿಗೆ ಅಂಗಳ ಬೇಕಲ್ಲ. ಅವಳು ಮೊರ ನಿಲ್ಲಿಸುತ್ತಾಳೋ ಇಲ್ಲವೋ ಗೊತ್ತಿಲ್ಲ. ಈ ಸಲ ಅವಳ ಮುಖವನ್ನೇ ನೋಡಿ ಹೇಳುತ್ತೇನೆ.